ಲಕ್ರಾಸ್ ಮೈದಾನದ ಎರಡನೆಯ ಮೇಷ್ಟ್ರು

ರೇಡಿಯೋದಲ್ಲಿ ಪಂದ್ಯದ ವೀಕ್ಷಕ ವಿವರಣೆಯನ್ನು ಕೇಳುವ ಅಭ್ಯಾಸವುಳ್ಳ ವಾಚಕರು ಒಂದು ಸಂಗತಿಯನ್ನು ಗಮನಿಸಿರಬಹುದು. ಆಟಗಾರರ ಹೆಸರುಗಳು ನೂರು ಸಲ ಕಿವಿಗೆ ಬೀಳುತ್ತವೆ. ನಾಯಕನ ಹೆಸರು ಅದಕ್ಕೂ ಹೆಚ್ಚು. ಮುಖ್ಯ ತರಬೇತುದಾರನ ಹೆಸರು ಒಮ್ಮೆಯೋ ಎರಡು ಸಲವೋ ಬಂದೀತು. ಆದರೆ ಆ ತರಬೇತುದಾರನ ಮಗ್ಗುಲಲ್ಲಿ, ಕೈಯಲ್ಲೊಂದು ಕಾಗದದ ಪಟ್ಟಿ ಹಿಡಿದುಕೊಂಡು, ಕತ್ತಿನ ನರ ಉಬ್ಬುವಂತೆ ಕೂಗುತ್ತ ನಿಂತಿರುತ್ತಾನಲ್ಲ, ಅವನ ಹೆಸರನ್ನು ಯಾರಾದರೂ ಕೇಳಿದ್ದುಂಟೆ? ಅವನೇ ಸಹಾಯಕ ತರಬೇತುದಾರ. ಈ ಲೇಖನ ಅವನನ್ನು ಕುರಿತದ್ದು.

ಈ ವಿಷಯ ನನ್ನ ತಲೆಗೆ ಹತ್ತಿದ ಬಗೆಯನ್ನು ಮೊದಲು ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಊರಿಗೆ ಬಂದಾಗ ಮನೆಗೆ ಬಂದಿದ್ದ. ಕಾಫಿ ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಹೇಳಿದ: “ಮೇಷ್ಟ್ರೇ, ಮಗ ಕಾಲೇಜು ಮುಗಿಸುತ್ತಿದ್ದಾನೆ. ಓದಿನಲ್ಲಿ ಚುರುಕು. ಆದರೆ ಕಾಲೇಜಿನಲ್ಲಿ ಲಕ್ರಾಸ್ ಆಟದ ಸಹಾಯಕ ತರಬೇತುದಾರನಾಗುತ್ತೇನೆಂದು ಹಟ ಹಿಡಿದಿದ್ದಾನೆ. ಮುಖ್ಯನಾದರೂ ಆಗಲಿ, ಸಹಾಯಕನಂತೆ! ಇದೂ ಒಂದು ಉದ್ಯೋಗವೇ?” ಮೂವತ್ತು ವರ್ಷಗಳಿಂದ ಸಹಶಿಕ್ಷಕನೆಂಬ ಹೆಸರಿನಲ್ಲೇ ಹಳಗನ್ನಡ ಪದ್ಯಗಳಿಗೆ ಅನ್ವಯ ಹೇಳಿಕೊಡುತ್ತ ಬಂದವನನ್ನು ಈ ಪ್ರಶ್ನೆ ಕೇಳಿದರೆ ಹೇಗಾಗಬೇಡ! ಅಂದು ನನಗೆ ಆ ಆಟದ ಗಂಧವೂ ಇರಲಿಲ್ಲ. “ವಿಚಾರಿಸಿ ಹೇಳುತ್ತೇನೆ” ಎಂದೆ. ವಿಚಾರಿಸಿದ ಮೇಲೆ ತಿಳಿದದ್ದನ್ನು ಇಲ್ಲಿ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಆಟದ ಸ್ವರೂಪ. ಲಕ್ರಾಸ್ ಉತ್ತರ ಅಮೆರಿಕದ ಮೂಲನಿವಾಸಿಗಳ ಆಟ. ಬಿಳಿಯರು ಅಲ್ಲಿಗೆ ಕಾಲಿಡುವ ಮೊದಲೇ ಅಲ್ಲಿನ ಅನೇಕ ಜನಾಂಗಗಳು ಅದನ್ನು ಆಡುತ್ತಿದ್ದುವು. ಹೊರಗಿನವರು ಇರೋಕ್ವಾ ಎಂದು ಕರೆದ ಹೋದೆನೋಶೋನಿ ಜನರು ಇಂದಿಗೂ ಅದನ್ನು ಸೃಷ್ಟಿಕರ್ತನು ಕೊಟ್ಟ ಆಟವೆಂದು ಭಾವಿಸುತ್ತಾರೆ, ರೋಗಶಾಂತಿಗಾಗಿಯೂ ಆಡುತ್ತಾರೆ. 1630ರ ದಶಕದಲ್ಲಿ ಆ ಸೀಮೆಗೆ ಬಂದ ಫ್ರೆಂಚ್ ಪಾದ್ರಿಗಳು ಆಟಗಾರರ ಕೈಯಲ್ಲಿದ್ದ ಬಾಗಿದ ಕೋಲನ್ನು ತಮ್ಮ ಭಾಷೆಯಲ್ಲಿ ‘ಲಾ ಕ್ರಾಸ್’ ಎಂದರು. ಹೆಸರು ಹಾಗೆಯೇ ನಿಂತಿತು. ಮಾಂಟ್ರಿಯಲ್ ನಗರದ ಜಾರ್ಜ್ ಬಿಯರ್ಸ್ ಎಂಬ ದಂತವೈದ್ಯರು 1867ರಲ್ಲಿ ಅದಕ್ಕೆ ಲಿಖಿತ ನಿಯಮಗಳನ್ನು ಹಾಕಿಕೊಟ್ಟರು. 1877ರಲ್ಲಿ ಅಮೆರಿಕದ ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆಯಿತು.

ಗಂಡಸರ ಕಾಲೇಜು ಆಟದಲ್ಲಿ ಒಂದೊಂದು ಪಕ್ಷಕ್ಕೆ ಹತ್ತು ಮಂದಿ: ಆಕ್ರಮಣಕ್ಕೆ ಮೂವರು, ನಡುಮೈದಾನಕ್ಕೆ ಮೂವರು, ರಕ್ಷಣೆಗೆ ಮೂವರು, ಗೋಲು ಕಾಯಲು ಒಬ್ಬ. ಮೈದಾನದ ಉದ್ದ 110 ಗಜ, ಅಗಲ 60 ಗಜ. ಗೋಲಿನ ಚೌಕಟ್ಟು 6 ಅಡಿ ಅಗಲ, 6 ಅಡಿ ಎತ್ತರ. ಕೋಲಿನ ತುದಿಯಲ್ಲಿ ಬಲೆಯ ಜೋಳಿಗೆಯಿರುತ್ತದೆ. ಸುಮಾರು 5 ಔನ್ಸು ತೂಕದ ರಬ್ಬರ್ ಚೆಂಡನ್ನು ಆ ಜೋಳಿಗೆಯಲ್ಲಿ ಹಿಡಿದು, ತೊಟ್ಟಿಲಾಡಿಸುವಂತೆ ಕೋಲನ್ನು ಆಡಿಸುತ್ತ ಓಡಬೇಕು, ಜೊತೆಗಾರನಿಗೆ ಎಸೆಯಬೇಕು, ಸಮಯ ನೋಡಿ ಗೋಲಿಗೆ ಬೀಸಬೇಕು. ನುರಿತವನು ಬೀಸಿದ ಚೆಂಡಿನ ವೇಗ ಗಂಟೆಗೆ 100 ಮೈಲಿಯನ್ನು ಮೀರುವುದುಂಟು. ರಕ್ಷಣೆಯವರ ಕೋಲು 6 ಅಡಿಯವರೆಗೆ ಉದ್ದವಿರಬಹುದು. ಅದರಿಂದ ಎದುರಾಳಿಯ ಕೋಲಿಗೆ ಹೊಡೆದು ಚೆಂಡನ್ನು ಕೆಡವಲು ನಿಯಮದ ಒಪ್ಪಿಗೆಯಿದೆ. ಹದಿನೈದು ಹದಿನೈದು ನಿಮಿಷದ ನಾಲ್ಕು ಪಾದಗಳು. ಹಾಕಿಯ ಓಟ, ಕಬಡ್ಡಿಯ ಮೈಕಸುವು, ಬುಗುರಿ ಆಡಿಸುವವನ ಕೈಚಳಕ, ಈ ಮೂರನ್ನೂ ಕಲೆಸಿದರೆ ಏನಾದೀತೋ ಅದು ಲಕ್ರಾಸ್ ಎಂದು ಸದ್ಯಕ್ಕೆ ಊಹಿಸಿಕೊಳ್ಳಿ.

ಇಂಥ ಆಟದಲ್ಲಿ ಒಬ್ಬನೇ ಗುರು ಎಲ್ಲವನ್ನೂ ನೋಡಿಕೊಳ್ಳುವುದು ಅಸಾಧ್ಯ. ಆದಕಾರಣ ಕೆಲಸ ಹಂಚಿಕೆಯಾಗುತ್ತದೆ. ಸಾಮಾನ್ಯವಾಗಿ ಸಹಾಯಕರಲ್ಲಿ ಒಬ್ಬನಿಗೆ ಆಕ್ರಮಣದ ಹೊಣೆ, ಇನ್ನೊಬ್ಬನಿಗೆ ರಕ್ಷಣೆಯ ಹೊಣೆ. ಉಳಿದ ಚಿಲ್ಲರೆ ಕೆಲಸಗಳೂ ಅವರ ಹೆಗಲಿಗೇ. ಚಿಲ್ಲರೆ ಎಂದೆನಾದರೂ ಪಂದ್ಯ ನಿಲ್ಲುವುದು ಅವುಗಳ ಮೇಲೆಯೇ.

ಒಂದೆರಡು ಉದಾಹರಣೆ ಕೊಡುತ್ತೇನೆ. ಪಾದ ಆರಂಭವಾದಾಗಲೂ ಗೋಲು ಬಿದ್ದಮೇಲೂ ಇಬ್ಬರು ಆಟಗಾರರು ನಡುಮೈದಾನದಲ್ಲಿ ನೆಲಕ್ಕೆ ಬಾಗಿ, ನಡುವೆ ಇಟ್ಟ ಚೆಂಡಿಗಾಗಿ ಸೆಣಸುತ್ತಾರೆ. ಗೆದ್ದ ಪಕ್ಷಕ್ಕೆ ಚೆಂಡು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುವ ಈ ಸೆಣಸಾಟಕ್ಕೆಂದೇ ಪ್ರತ್ಯೇಕ ಆಟಗಾರರಿದ್ದಾರೆ. ಅವರ ಮಣಿಕಟ್ಟಿನ ತಿರುವು, ಕಾಲಿನ ಅಂತರ, ಶಿಳ್ಳೆ ಕೇಳಿದ ಕ್ಷಣದ ಚುರುಕು, ಇವನ್ನು ದಿನವೂ ತಿದ್ದುವವನು ಸಹಾಯಕ. ಇನ್ನು ತಪ್ಪೆಸಗಿದ ಆಟಗಾರ 30 ಸೆಕೆಂಡಿನಿಂದ 3 ನಿಮಿಷದವರೆಗೆ ಹೊರಗೆ ಕೂರಬೇಕಾಗುತ್ತದೆ. ಆಗ ಒಬ್ಬನ ಕೊರತೆಯಲ್ಲಿ ಉಳಿದವರು ಗೋಲನ್ನು ಕಾಯಬೇಕು. ಅದರ ವ್ಯೂಹವೇ ಬೇರೆ. ಆಟ ನಿಲ್ಲದೆಯೇ ಆಟಗಾರರು ಒಳಗೆ ಹೊರಗೆ ಓಡಾಡುವುದರಿಂದ, ಆಕ್ರಮಣದವನು ಯಾವ ಗಳಿಗೆಯಲ್ಲಿ ಹೊರಬಂದು ರಕ್ಷಣೆಯವನು ಯಾವ ಗಳಿಗೆಯಲ್ಲಿ ಒಳಹೋಗಬೇಕೆಂದು ಅಂಚಿನಲ್ಲಿ ನಿಂತು ತೋಳು ಹಿಡಿದು ತಳ್ಳುವವನೂ ಸಹಾಯಕನೇ. 2019ರ ಋತುವಿನಿಂದ ಗಂಡಸರ ಕಾಲೇಜು ಆಟದಲ್ಲಿ ಚೆಂಡು ಸಿಕ್ಕ ಪಕ್ಷವು 80 ಸೆಕೆಂಡಿನೊಳಗೆ ಗೋಲಿಗೆ ಪ್ರಯತ್ನಿಸಲೇಬೇಕೆಂಬ ಗಡಿಯಾರದ ನಿಯಮ ಬಂದಮೇಲೆ ಈ ಗಡಿಬಿಡಿ ಇಮ್ಮಡಿಯಾಗಿದೆ.

ಯಕ್ಷಗಾನ ಬಲ್ಲ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಣ್ಣ ಹಚ್ಚಿ ಕುಣಿಯುವುದು ಮುಮ್ಮೇಳ. ಆದರೆ ಮದ್ದಳೆಯವನ ಒಂದು ಪೆಟ್ಟು ತಪ್ಪಿದರೆ ಕಿರೀಟ ಹೊತ್ತ ವೇಷದ ಹೆಜ್ಜೆಯೇ ತಪ್ಪುತ್ತದೆ. ಬೆಳಗಾಗೆದ್ದು ಮನೆಗೆ ಹೋಗುವವರು ಹೇಳುವುದು ಮಾತ್ರ ವೇಷಧಾರಿಯ ಹೆಸರನ್ನು.

ಮೈದಾನದ ಕೆಲಸ ಕಣ್ಣಿಗೆ ಕಾಣುವಂಥದು. ಕಾಣದ ಕೆಲಸ ಇನ್ನೂ ದೊಡ್ಡದು. ಋತು ನಡೆಯುವುದು ಫೆಬ್ರವರಿಯಿಂದ ಮೇ ಕೊನೆಯವರೆಗೆ. ಆ ತಿಂಗಳುಗಳಲ್ಲಿ ಮುಂದಿನ ಎದುರಾಳಿಯ ಹಿಂದಿನ ಪಂದ್ಯಗಳ ಚಿತ್ರಗಳನ್ನು ರಾತ್ರಿಯೆಲ್ಲ ಕೂತು ನೋಡಬೇಕು. ಯಾರು ಎಡಗೈಯಲ್ಲಿ ಬೀಸುತ್ತಾನೆ, ಯಾರು ದಣಿದಾಗ ಬಲಕ್ಕೆ ವಾಲುತ್ತಾನೆ, ಅವರ ಗೋಲ್‌ಕೀಪರ್ ಕೆಳಮಟ್ಟದ ಚೆಂಡಿಗೆ ತಡಮಾಡುತ್ತಾನೆಯೇ, ಇವನ್ನೆಲ್ಲ ಗುರುತು ಹಾಕಿ ಮುಖ್ಯನ ಮುಂದೆ ಇಡಬೇಕು. ಹುಡುಗರ ಓದು ಹಿಂದೆ ಬಿದ್ದರೆ ವಿಚಾರಿಸಬೇಕು. ಮನೆಯ ನೆನಪಾಗಿ ಮಂಕಾದವನೊಡನೆ ಕೂತು ಊಟ ಮಾಡಬೇಕು. ಮುಖ್ಯ ಗುರುವಿನ ಮುಂದೆ ಬಾಯಿಬಿಡದ ಹುಡುಗ ಕಿರಿಯ ಗುರುವಿನ ಮುಂದೆ ಅಳುತ್ತಾನೆ. ಇದು ಶಾಲೆಯಲ್ಲಿ ದುಡಿದವರಿಗೆಲ್ಲ ತಿಳಿದ ಮಾತು.

ಬೇಸಿಗೆ ಬಂತೆಂದರೆ ವಿಶ್ರಾಂತಿಯಲ್ಲ, ಇನ್ನೊಂದು ದುಡಿಮೆ. ಹೈಸ್ಕೂಲು ಹುಡುಗರ ಪಂದ್ಯಾವಳಿಗಳು ಊರೂರಲ್ಲಿ ನಡೆಯುತ್ತವೆ. ಸಹಾಯಕನು ಮಡಿಸುವ ಕುರ್ಚಿಯೊಂದನ್ನು ಹೊತ್ತುಕೊಂಡು ಬಿಸಿಲಲ್ಲಿ ಮೈದಾನದಿಂದ ಮೈದಾನಕ್ಕೆ ಅಲೆದು, ಕಾಲೇಜಿಗೆ ತರತಕ್ಕ ಹುಡುಗರನ್ನು ಆರಿಸಬೇಕು. ಈ ಆಯ್ಕೆ ಒಂದು ಕಾಲದಲ್ಲಿ ಅತಿರೇಕಕ್ಕೆ ಹೋಗಿತ್ತು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು, ಮೀಸೆ ಚಿಗುರುವ ಮೊದಲೇ, ಇಂಥ ಕಾಲೇಜಿಗೇ ಬರುತ್ತೇವೆಂದು ಬಾಯಿಮಾತಿನ ಒಪ್ಪಂದ ಮಾಡಿಕೊಳ್ಳುತ್ತಿದ್ದರು. ಹದಿನಾಲ್ಕು ವರ್ಷದ ಹುಡುಗನಿಗೆ ತನ್ನ ಮನಸ್ಸೇ ತಿಳಿಯದು, ಕಾಲೇಜು ಏನು ತಿಳಿದೀತು? ಕೊನೆಗೆ ತರಬೇತುದಾರರೇ ಇದರಿಂದ ಬೇಸತ್ತು ನಿಯಮ ಕೇಳಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್.ಸಿ.ಎ.ಎ. ಸಂಸ್ಥೆಯು 2017ರ ಏಪ್ರಿಲಿನಲ್ಲಿ, ಹನ್ನೊಂದನೆಯ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಯಾವ ಲಕ್ರಾಸ್ ತರಬೇತುದಾರನೂ ವಿದ್ಯಾರ್ಥಿಯೊಡನೆ ಈ ಕುರಿತು ಮಾತುಕತೆ ನಡೆಸಕೂಡದೆಂದು ಕಟ್ಟುಮಾಡಿತು. ಹೈಸ್ಕೂಲು ಮೇಷ್ಟ್ರಾದ ನನಗೆ ಇದನ್ನು ಓದಿ ಸಮಾಧಾನವಾಯಿತು.

ಹುಡುಗರಿಗೆ ಹಣದ ನೆರವು ಹಂಚುವುದರಲ್ಲಿಯೂ ಒಂದು ಲೆಕ್ಕವಿತ್ತು. ಪ್ರಥಮ ಶ್ರೇಣಿಯ ಕಾಲೇಜೊಂದು ಗಂಡಸರ ಲಕ್ರಾಸಿಗೆ ಒಟ್ಟು 12.6 ಪೂರ್ಣ ವಿದ್ಯಾರ್ಥಿವೇತನಗಳಿಗಿಂತ ಹೆಚ್ಚು ಕೊಡುವಂತಿರಲಿಲ್ಲ. ತಂಡದಲ್ಲಿ ನಲವತ್ತು ಐವತ್ತು ಹುಡುಗರು! ಒಬ್ಬನಿಗೆ ಕಾಲು, ಇನ್ನೊಬ್ಬನಿಗೆ ಅರ್ಧ ಎಂದು ಹಂಚಬೇಕಾಗಿತ್ತು. 2025ರ ಜೂನಿನಲ್ಲಿ ನ್ಯಾಯಾಲಯವು ಅಂಗೀಕರಿಸಿದ ಒಂದು ರಾಜಿಯ ಪ್ರಕಾರ, ಅದಕ್ಕೆ ಸೇರಿದ ಕಾಲೇಜುಗಳಿಗೆ ಈ ಮಿತಿ ಹೋಗಿ, ತಂಡದಲ್ಲಿ 48 ಜನರಿಗಿಂತ ಹೆಚ್ಚು ಇರಬಾರದೆಂಬ ಬೇರೆ ಮಿತಿ ಬಂದಿತು.

ಇಷ್ಟೆಲ್ಲ ದುಡಿಯುವವನಿಗೆ ಸಂಬಳವೇನು ಎಂದು ಮನೆಯ ಯಜಮಾನರು ಕೇಳಿಯಾರು. ಕೇಳಬೇಕಾದ ಪ್ರಶ್ನೆಯೇ. ಪ್ರಥಮ ಶ್ರೇಣಿಯಲ್ಲಿ ಬಹುಕಾಲ ಇದ್ದ ವ್ಯವಸ್ಥೆ ಹೀಗಿತ್ತು: ಒಬ್ಬ ಮುಖ್ಯ, ಇಬ್ಬರು ಸಂಬಳದ ಸಹಾಯಕರು, ಮತ್ತೊಬ್ಬ ‘ಸ್ವಯಂಸೇವಕ’ ಸಹಾಯಕ. ಸ್ವಯಂಸೇವಕನೆಂದರೆ ಕೆಲಸ ಎಲ್ಲರಷ್ಟೇ. ಸಂಬಳ ಮಾತ್ರ ಇಲ್ಲ. ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಆಟ ಕಲಿಸಿಯೋ, ಬೇರೆ ಕಸುಬು ಮಾಡಿಯೋ ಹೊಟ್ಟೆ ಹೊರೆಯಬೇಕು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ನಮ್ಮ ಗಾದೆ. ಇಲ್ಲಿ ಕೆಸರು ಒಬ್ಬನ ಕೈಗೆ, ಮೊಸರು ಇನ್ನೊಬ್ಬನ ಬಾಯಿಗೆ! 2022ರಲ್ಲಿ ಬೇಸ್‌ಬಾಲ್ ಆಟದ ಇಂಥ ಸ್ವಯಂಸೇವಕರು ನ್ಯಾಯಾಲಯದ ಮೆಟ್ಟಿಲೇರಿದರು. 2023ರ ಜನವರಿಯಲ್ಲಿ ಎನ್.ಸಿ.ಎ.ಎ. ಆ ಹುದ್ದೆಯನ್ನೇ ತೆಗೆದುಹಾಕಲು ನಿರ್ಧರಿಸಿತು. ಅದೇ ವರ್ಷದ ಜುಲೈ 1ರಿಂದ ಅವರೂ ಸಂಬಳ ಪಡೆಯಬಹುದಾದ ತರಬೇತುದಾರರ ಲೆಕ್ಕಕ್ಕೆ ಸೇರಿದರು. ಪಡೆಯಬಹುದು ಎಂದೆ, ಎಲ್ಲ ಕಾಲೇಜೂ ತುಂಬಿದ ಕೈಯಿಂದ ಕೊಡುತ್ತದೆಂದು ಅರ್ಥವಲ್ಲ. ಸಣ್ಣ ಕಾಲೇಜುಗಳಲ್ಲಿ ಸಹಾಯಕನು ಅರೆಕಾಲದ ನೌಕರನಾಗಿರುವುದು ಇಂದಿಗೂ ಸಾಮಾನ್ಯ.

ಇನ್ನೊಂದು ಆತಂಕವಿದೆ. ತಂಡ ಎರಡು ಮೂರು ವರ್ಷ ಸೋತರೆ ಮುಖ್ಯನನ್ನು ಕಳಿಸುತ್ತಾರೆ. ಹೊಸಬನು ತನ್ನವರನ್ನು ಕರೆತರುತ್ತಾನೆ. ಹಳೆಯ ಸಹಾಯಕರು, ತಪ್ಪು ಅವರದಲ್ಲದಿದ್ದರೂ, ಗಂಟು ಕಟ್ಟಬೇಕಾಗುತ್ತದೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ರಾಜ್ಯದಿಂದ ರಾಜ್ಯಕ್ಕೆ ಅಲೆದವರು ಅನೇಕರು.

ಹಾಗಾದರೆ ಈ ದಾರಿ ಎಲ್ಲಿಗೆ ಒಯ್ಯುತ್ತದೆ? ನಾಲ್ವರ ವೃತ್ತಾಂತದಿಂದ ಇದನ್ನು ತಿಳಿಯಬಹುದು.

ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ನಗರದ ಬಳಿಯಲ್ಲೇ ಓನಂಡಾಗ ಎಂಬ ಮೂಲನಿವಾಸಿ ಜನಾಂಗದ ನೆಲವಿದೆ. ಅಲ್ಲಿನ ವಿಶ್ವವಿದ್ಯಾನಿಲಯಕ್ಕೂ ಈ ಆಟಕ್ಕೂ ಹಳೆಯ ನಂಟು. 1957ರಲ್ಲಿ ಸೋಲನ್ನೇ ಕಾಣದ ಅದರ ತಂಡದಲ್ಲಿ ಓನಂಡಾಗದ ಓರೆನ್ ಲಯನ್ಸ್ ಗೋಲು ಕಾಯುತ್ತಿದ್ದರು. ಮುಂದೆ ಅಮೆರಿಕದ ಫುಟ್‌ಬಾಲಿನಲ್ಲಿ ಜಗತ್ಪ್ರಸಿದ್ಧರಾದ ಜಿಮ್ ಬ್ರೌನ್ ಇದ್ದರು. ತರಬೇತುದಾರರ ಮಗ ರಾಯ್ ಸಿಮ್ಮನ್ಸ್ ಕಿರಿಯರೂ ಇದ್ದರು. ಈ ಕಿರಿಯ ಸಿಮ್ಮನ್ಸ್ 1971ರಿಂದ 1998ರವರೆಗೆ ತಂಡದ ಮುಖ್ಯರಾಗಿದ್ದರು. ಅವರ ಕೈಕೆಳಗೆ ರಕ್ಷಣೆಯ ಆಟಗಾರನಾಗಿ ಆಡಿದ ಜಾನ್ ಡೆಸ್ಕೋ, ಪದವಿ ಮುಗಿಸಿದೊಡನೆ ಅಲ್ಲಿಯೇ ಸಹಾಯಕರಾಗಿ ನಿಂತರು. ಒಂದಲ್ಲ ಎರಡಲ್ಲ, ಸುಮಾರು ಎರಡು ದಶಕ! 1983ರ ಅಂತಿಮ ಪಂದ್ಯದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿರುದ್ಧ 5ಕ್ಕೆ 12ರ ಹಿನ್ನಡೆಯಲ್ಲಿದ್ದ ಸಿರಾಕ್ಯೂಸ್, 17–16ರಿಂದ ಗೆದ್ದು ಮೊದಲ ಬಾರಿಗೆ ಎನ್.ಸಿ.ಎ.ಎ. ಪ್ರಶಸ್ತಿ ಪಡೆಯಿತು. ಸಿಮ್ಮನ್ಸರ ಕಾಲದಲ್ಲಿ ಮೈದಾನದಲ್ಲಿ ಗೆದ್ದದ್ದು ಒಟ್ಟು ಆರು ಪ್ರಶಸ್ತಿ. 1990ರದನ್ನು ಮಾತ್ರ ನಿಯಮಭಂಗದ ಕಾರಣಕ್ಕೆ ಆಮೇಲೆ ದಾಖಲೆಯಿಂದ ತೆಗೆದರು. ವಿಜೇತರ ಪಟ್ಟಿಯಲ್ಲಿ ತಂಡದ ಎದುರಿಗೆ ಬರೆಯುವುದು ಮುಖ್ಯ ತರಬೇತುದಾರನೊಬ್ಬನ ಹೆಸರನ್ನೇ. ಡೆಸ್ಕೋ ಹೆಸರಿಗೆ ಅಲ್ಲಿ ಎಡೆಯಿಲ್ಲ.

ಎರಡನೆಯವರು ಬಿಲ್ ಟಿಯರ್ನಿ. ಇವರ ದಾರಿ ಬೇರೆ. ಹೈಸ್ಕೂಲಿನಲ್ಲಿ ಆಟ ಕಲಿಸಿ, ರಾಚೆಸ್ಟರ್ ತಾಂತ್ರಿಕ ವಿದ್ಯಾಲಯದಲ್ಲಿ ಮುಖ್ಯ ತರಬೇತುದಾರರಾದವರು, ಆ ಮುಖ್ಯಸ್ಥಾನವನ್ನು ಬಿಟ್ಟು ಜಾನ್ಸ್ ಹಾಪ್‌ಕಿನ್ಸಿಗೆ ಸಹಾಯಕರಾಗಿ ಹೋದರು. ಯಜಮಾನಿಕೆ ಬಿಟ್ಟು ಯಾರಾದರೂ ಕೈಕೆಳಗಿನ ಕೆಲಸಕ್ಕೆ ಹೋಗುತ್ತಾರೆಯೇ? ಕಲಿಯಬೇಕೆಂಬವನು ಹೋಗುತ್ತಾನೆ. ಅಲ್ಲಿ ಮೂರು ಋತು ದುಡಿದು 1988ರಲ್ಲಿ ಪ್ರಿನ್ಸ್‌ಟನ್ನಿಗೆ ಮುಖ್ಯರಾಗಿ ಬಂದರು. ಮೊದಲ ವರ್ಷ ಎರಡು ಗೆಲುವು, ಹದಿಮೂರು ಸೋಲು! ನಾಲ್ಕು ವರ್ಷ ಕಳೆದು 1992ರಲ್ಲಿ ಅದೇ ತಂಡ ಅಂತಿಮ ಪಂದ್ಯದಲ್ಲಿ ಸಿರಾಕ್ಯೂಸನ್ನು, ಎರಡು ಬಾರಿ ಹೆಚ್ಚುವರಿ ಆಟವಾಡಿ, 10–9ರಿಂದ ಸೋಲಿಸಿತು. ಅಂದು ಎದುರು ಬದಿಯಲ್ಲಿ ಇನ್ನೂ ಸಹಾಯಕರಾಗಿಯೇ ನಿಂತಿದ್ದವರು ಡೆಸ್ಕೋ.

1999ರಲ್ಲಿ ಡೆಸ್ಕೋಗೆ ಮುಖ್ಯಸ್ಥಾನ ಬಂತು. ಆ ವರ್ಷ ಅಂತಿಮ ಪಂದ್ಯದಲ್ಲಿ ವರ್ಜೀನಿಯಕ್ಕೆ ಸೋತರು. 2000ದಲ್ಲಿ ಪ್ರಿನ್ಸ್‌ಟನ್ನನ್ನು 13–7ರಿಂದ ಗೆದ್ದರು. 2001ರಲ್ಲಿ ಪ್ರಿನ್ಸ್‌ಟನ್ 10–9ರಿಂದ ಸೇಡು ತೀರಿಸಿಕೊಂಡಿತು. 2002ರಲ್ಲಿ ಮತ್ತೆ ಡೆಸ್ಕೋ, 13–12. ಇಬ್ಬರು ಮಾಜಿ ಸಹಾಯಕರು ಮೂರು ವರ್ಷ ಬೆನ್ನುಬೆನ್ನಿಗೆ ಕಿರೀಟಕ್ಕಾಗಿ ಕಾದಾಡಿದರು! 2004, 2008, 2009 ಸೇರಿ ಡೆಸ್ಕೋ ಗಳಿಸಿದ ಪ್ರಶಸ್ತಿಗಳು ಐದು. 2021ರಲ್ಲಿ ನಿವೃತ್ತರಾದರು.

ಮೂರನೆಯವರು ಗ್ಯಾರಿ ಗೈಟ್. 1988ರಲ್ಲಿ ಸಿರಾಕ್ಯೂಸ್ ಪರವಾಗಿ ಆಡುತ್ತ, ಗೋಲಿನ ಹಿಂಬದಿಯಿಂದ ಹಾರಿ ಚೌಕಟ್ಟಿನ ಮೇಲಿಂದ ಚೆಂಡನ್ನು ಒಳಗೆ ತುರುಕಿ ನೋಡಿದವರನ್ನು ಬೆರಗುಗೊಳಿಸಿದ ಆಟಗಾರ. ಇಷ್ಟು ಕೀರ್ತಿವಂತನಾದವನು ಮುಂದೆ ಹಿಡಿದ ಕೆಲಸವೇನು? ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯದ ಹೆಣ್ಣುಮಕ್ಕಳ ತಂಡಕ್ಕೆ, ಸಿಂಡಿ ಟಿಮ್‌ಚಲ್ ಎಂಬ ಮಹಿಳೆಯ ಕೈಕೆಳಗೆ, ಸಹಾಯಕ ತರಬೇತು! 1995ರಿಂದ 2001ರವರೆಗೆ ಆ ತಂಡ ಸತತವಾಗಿ ಏಳು ಬಾರಿ ರಾಷ್ಟ್ರಪ್ರಶಸ್ತಿ ಗೆದ್ದಿತು. ಡೆಸ್ಕೋ ನಿವೃತ್ತರಾದಾಗ ಅವರ ಸ್ಥಾನಕ್ಕೆ ಬಂದವರು ಇದೇ ಗೈಟ್.

ನಾಲ್ಕನೆಯವರ ಕಥೆ ಇದಕ್ಕೆ ವಿಲೋಮ. ಡೇವ್ ಪಿಯೆಟ್ರಮಾಲ ಆಟಗಾರನಾಗಿ 1987ರಲ್ಲಿ, ಮುಖ್ಯ ತರಬೇತುದಾರನಾಗಿ 2005 ಮತ್ತು 2007ರಲ್ಲಿ, ಜಾನ್ಸ್ ಹಾಪ್‌ಕಿನ್ಸಿಗೆ ಪ್ರಶಸ್ತಿ ತಂದವರು. 2020ರಲ್ಲಿ ಆ ಸ್ಥಾನ ಕೈಬಿಟ್ಟಿತು. ಅಂಥವರು ಬೇಸರಿಸಿ ಮನೆಯಲ್ಲಿ ಕೂರಲಿಲ್ಲ. ಮೊದಲು ನಾರ್ತ್ ಕ್ಯಾರೊಲೈನದಲ್ಲಿ, ಬಳಿಕ ಗೈಟ್ ಅವರ ಕೈಕೆಳಗೆ ಸಿರಾಕ್ಯೂಸಿನಲ್ಲಿ ರಕ್ಷಣೆಯ ಹೊಣೆಯ ಸಹಾಯಕರಾದರು. 2008ರ ಅಂತಿಮ ಪಂದ್ಯದಲ್ಲಿ ತಮ್ಮನ್ನು ಸೋಲಿಸಿದ ತಂಡ ಅದೇ! ಸ್ಥಾನ ಇಳಿದರೂ ವಿದ್ಯೆ ಇಳಿಯುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಈ ನಾಲ್ವರೂ ಹೆಸರು ಪಡೆದವರು. ಹೆಸರು ಪಡೆಯದವರೇ ಹೆಚ್ಚೆಂಬುದನ್ನು ಮರೆಮಾಚಬಾರದು. ಗಂಡಸರ ಪ್ರಥಮ ಶ್ರೇಣಿಯಲ್ಲಿರುವ ತಂಡಗಳು ಎಪ್ಪತ್ತಕ್ಕೆ ಚಿಲ್ಲರೆ, ಮುಖ್ಯಸ್ಥಾನಗಳೂ ಅಷ್ಟೇ. ಸಹಾಯಕರೋ ಅದರ ಮೂರು ಪಾಲು. ‘ತಾಳಿದವನು ಬಾಳಿಯಾನು’ ಎಂಬುದು ನಿಜ. ಆದರೆ ತಾಳಿದವರೆಲ್ಲ ಮುಖ್ಯರಾಗುವುದಿಲ್ಲ. ಆದ್ದರಿಂದ, ಮುಖ್ಯನಾಗುವ ಆಸೆಯೊಂದರಿಂದಲೇ ಈ ಕೆಲಸ ಹಿಡಿಯುವವನು ದುಃಖಪಟ್ಟಾನು.

ಲಕ್ರಾಸ್ ನಮಗೆ ಇನ್ನು ಮುಂದೆ ತೀರ ದೂರದ ಮಾತಾಗಿ ಉಳಿಯದು. ಒಲಿಂಪಿಕ್ಸಿನಲ್ಲಿ 1904 ಮತ್ತು 1908ರಲ್ಲಿ ಪದಕಕ್ಕಾಗಿ ಆಡಿದ ಈ ಆಟವನ್ನು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸಿಗೆ, ಪಕ್ಷಕ್ಕೆ ಆರು ಜನರ ಕಿರುರೂಪದಲ್ಲಿ, ಸೇರಿಸಲು ನಿರ್ಧರಿಸಿದ್ದು 2023ರ ಅಕ್ಟೋಬರಿನಲ್ಲಿ ನಮ್ಮ ಮುಂಬಯಿಯಲ್ಲಿ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿಯೇ. ಕ್ರಿಕೆಟ್ ಸೇರಿದ್ದೂ ಅದೇ ದಿನ. ಕ್ರಿಕೆಟ್ಟಿನ ಸುದ್ದಿಯ ಸಡಗರದಲ್ಲಿ ಲಕ್ರಾಸಿನ ಹೆಸರು ನಮ್ಮ ಕಿವಿಗೆ ಬೀಳಲಿಲ್ಲ, ಅಷ್ಟೆ.

ಇನ್ನು ನನ್ನ ವಿದ್ಯಾರ್ಥಿಗೆ ಕೊಟ್ಟ ಉತ್ತರ. ಅವನು ಹಿಂತಿರುಗುವ ಮುನ್ನ ಇನ್ನೊಮ್ಮೆ ಬಂದಿದ್ದ. ಸಂಬಳದ ಸಂಗತಿ, ಅಲೆದಾಟದ ಸಂಗತಿ, ಒಂದನ್ನೂ ಮುಚ್ಚಿಡದೆ ಹೇಳಿದೆ. ಆಮೇಲೆ ಕೇಳಿದೆ: “ನಿನಗೆ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದವರ ಹೆಸರು ನೆನಪಿದೆಯೇನಪ್ಪ?” ಅವನು ಸ್ವಲ್ಪ ಹೊತ್ತು ಯೋಚಿಸಿ ನಕ್ಕುಬಿಟ್ಟ. “ಇಲ್ಲ ಮೇಷ್ಟ್ರೇ” ಎಂದ. “ಮತ್ತೆ ಇಲ್ಲಿಗೇಕೆ ಬಂದೆ?” ಎಂದೆ.

ಅವನು ಉತ್ತರ ಹೇಳಲಿಲ್ಲ. ಮಗನಿಗೆ ಎರಡು ವರ್ಷದ ಅವಕಾಶ ಕೊಡುತ್ತೇನೆ, ಅಷ್ಟರಲ್ಲಿ ಮನೆ ಬಾಡಿಗೆ ತಾನೇ ಕೊಟ್ಟುಕೊಳ್ಳುವಂತಾಗಬೇಕು ಎಂದು ಹೇಳಿ ಹೋದ. ತಂದೆಯಾದವನ ಮಾತು, ತಪ್ಪೆನ್ನಲಾಗದು. ನಿಮ್ಮ ಮನೆಯಲ್ಲಿಯೂ ಮಗನೋ ಮಗಳೋ ಯಾವುದಾದರೊಂದು ಆಟವನ್ನೋ ವಿದ್ಯೆಯನ್ನೋ ಹಿಡಿದು ಇಂಥ ಎರಡನೆಯ ಸ್ಥಾನಕ್ಕೆ ಹೋಗುತ್ತೇನೆಂದರೆ, ಕೂಡಲೆ ‘ಬೇಡ’ ಎನ್ನಬೇಡಿ. ಸಂಬಳವೆಷ್ಟು ಎಂದು ಕೇಳಿ, ಕೇಳಲೇಬೇಕು. ಅದರ ಜೊತೆಗೆ, ಕಲಿಸುವುದರಲ್ಲಿ ನಿನಗೆ ಸುಖವಿದೆಯೇ ಎಂದೂ ಕೇಳಿ. ಮುಂದಿನ ಸಲ ರೇಡಿಯೋದಲ್ಲಿ ಪಂದ್ಯದ ವಿವರಣೆ ಬಂದಾಗ, ಹೆಸರು ಹೇಳದೆ ಬಿಟ್ಟ ಆ ಒಬ್ಬನನ್ನೂ ಒಂದು ಗಳಿಗೆ ನೆನೆಯಿರಿ.